ಟನ್ ಕಬ್ಬಿಗೆ ಎಥೆನಾಲ್ ಲಾಭ ಎಷ್ಟು? ಒಂದು ಹಾಳೆಯಲ್ಲಿ ಲೆಕ್ಕ ಹಾಕೋದು ಹೇಗೆ

ಮುಧೋಳ ತಾಲೂಕಿನ ಒಂದು ಪಿಕೆಪಿಎಸ್‌ನಲ್ಲಿ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಲೆಕ್ಕ ಬರೆಯೋದು ನನ್ನ ಕೆಲಸ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಕೌಂಟರ್ ಮುಂದೆ ಇದೇ ಮಾತು: "ತಂಗೀ, ಎಥೆನಾಲ್‌ಗೆ ಲೀಟರಿಗೆ 65 ರೂಪಾಯಿ ಬರ್ತದಂತ. ನಮಗ್ಯಾಕ ಕೊಡವಲ್ರು?" ಫ್ಯಾಕ್ಟರಿಯವರ ಬಾಯಲ್ಲಿ ಮಾತ್ರ ಯಾವಾಗಲೂ ನಷ್ಟದ ಮಾತೇ. ಇಬ್ಬರನ್ನೂ ನಂಬೋದು ಬೇಡ, ಒಂದು ಹಾಳೆ ತಗೊಂಡು ನೀವೇ ಲೆಕ್ಕ ಹಾಕಿ.

ಲೀಟರ್ ದರದಿಂದ ಶುರು ಮಾಡಬೇಡಿ. ಹಾಳೆಯ ಮೇಲೆ "ಒಂದು ಟನ್ ಕಬ್ಬು" ಅಂತ ಬರೆದು ಕೆಳಗೆ ಮೂರು ದಾರಿ ಹಾಕಿ. ನಾನು 2024-25ರ ದರ ಹಿಡಿದಿದ್ದೇನೆ. ರಿಕವರಿ (ನೂರು ಕೆಜಿ ಕಬ್ಬಿಗೆ ಬರುವ ಸಕ್ಕರೆ) 10.5 ಕೆಜಿ, ಸಕ್ಕರೆ ಕೆಜಿಗೆ 38 ರೂಪಾಯಿ ಅಂತ ಇಟ್ಟುಕೊಂಡಿದ್ದೇನೆ. ನಿಮ್ಮ ಫ್ಯಾಕ್ಟರಿಯ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿ.

ಮೊದಲನೇ ದಾರಿ ಹಳೆಯದು. ಸಕ್ಕರೆಯನ್ನೆಲ್ಲ ತೆಗೆದು, ಕೊನೆಗೆ ಉಳಿಯುವ ಸಿ ಹೆವಿ ಕಾಕಂಬಿಯಿಂದ ಮಾತ್ರ ಎಥೆನಾಲ್. ಸಕ್ಕರೆ 105 ಕೆಜಿ, ಅಂದರೆ 3,990 ರೂಪಾಯಿ. ಎಥೆನಾಲ್ ಸುಮಾರು 10 ಲೀಟರ್, 57.97ರಂತೆ 580. ಒಟ್ಟು 4,570.

ಎರಡನೆಯದು ಬಿ ಹೆವಿ. ಇಲ್ಲಿ ಸ್ವಲ್ಪ ಸಕ್ಕರೆಯನ್ನು ಕಾಕಂಬಿಯಲ್ಲೇ ಬಿಡುತ್ತಾರೆ. ಸಕ್ಕರೆ 90 ಕೆಜಿಗೆ ಇಳಿಯುತ್ತದೆ, 3,420 ರೂಪಾಯಿ. ಎಥೆನಾಲ್ 20 ಲೀಟರ್ ಹತ್ತಿರ, 60.73ರಂತೆ 1,215. ಒಟ್ಟು 4,635.

ಮೂರನೆಯದು ಪೂರ್ತಿ ರಸದಿಂದ. ಸಕ್ಕರೆ ಸೊನ್ನೆ. ಸುಮಾರು 70 ಲೀಟರ್, 65.61ರಂತೆ 4,593.

ಮೂರೂ ಹೆಚ್ಚುಕಮ್ಮಿ ಒಂದೇ, ಅಲ್ವಾ? ಚಾವಡಿಯಲ್ಲಿ ಕೂತು ಲೆಕ್ಕ ಹೇಳುವವರು ಸಕ್ಕರೆ 105 ಕೆಜಿಯನ್ನೂ ಹಿಡಿಯುತ್ತಾರೆ, ಎಥೆನಾಲ್ 70 ಲೀಟರನ್ನೂ ಹಿಡಿಯುತ್ತಾರೆ. ಒಂದೇ ಕಬ್ಬಿನಿಂದ ಎರಡೂ ಬರೋದಿಲ್ಲ.

ಈಗ ಸಕ್ಕರೆ ದರ ಬದಲಿಸಿ ನೋಡಿ. 34ಕ್ಕೆ ಇಳಿಸಿದರೆ ಮೊದಲ ದಾರಿ 4,150 ಆಗುತ್ತದೆ, ರಸದ ದಾರಿ 4,593ರಲ್ಲೇ ನಿಲ್ಲುತ್ತದೆ. ಟನ್ನಿಗೆ 443 ರೂಪಾಯಿ ಎಥೆನಾಲ್ ಮುಂದೆ. ಸಕ್ಕರೆ 40ಕ್ಕೆ ಏರಿತೋ, 187 ರೂಪಾಯಿ ಸಕ್ಕರೆಯೇ ಮುಂದೆ. ಸಕ್ಕರೆ ಬಿದ್ದಾಗ ಎಥೆನಾಲ್ ಕೈ ಹಿಡಿಯುತ್ತದೆ. ಅದರ ನಿಜವಾದ ಲಾಭ ಇಲ್ಲಿದೆ, 65 ರೂಪಾಯಿಯಲ್ಲಿ ಅಲ್ಲ.

ಇನ್ನೊಂದು ಲಾಭ ನಗದಿನದು. ಫ್ಯಾಕ್ಟರಿ ಸಕ್ಕರೆಯನ್ನು ಕೇಂದ್ರ ಕೊಡುವ ತಿಂಗಳ ಕೋಟಾದಂತೆ ಮಾರಬೇಕು. ಗೋದಾಮಿನಲ್ಲಿ ಚೀಲ ಕೂತಷ್ಟು ದಿನ ಬ್ಯಾಂಕ್ ಬಡ್ಡಿ ಓಡುತ್ತದೆ. ಪೆಟ್ರೋಲ್‌ಗೆ ಬೆರೆಸಲು ಎಥೆನಾಲ್ ಕೊಳ್ಳುವ ಎಣ್ಣೆ ಕಂಪನಿಗಳ ದುಡ್ಡು ಹಾಗಲ್ಲ, ಬೇಗ ಕೈಸೇರುತ್ತದೆ.

ಖರ್ಚಿನ ಕಡೆ ಬನ್ನಿ. ರಿಕವರಿ 10.5ಕ್ಕೆ 2024-25ರ ಎಫ್ಆರ್‌ಪಿ (ಕಬ್ಬಿಗೆ ಕೇಂದ್ರ ಕಟ್ಟುವ ಕನಿಷ್ಠ ದರ) ಟನ್ನಿಗೆ 3,483. ಅದು ಹೀಗೆ: 10.25ಕ್ಕೆ ಕ್ವಿಂಟಲಿಗೆ 340, ಮೇಲಿನ ಪ್ರತಿ 0.1ಕ್ಕೆ 3.32. (2025-26ಕ್ಕೆ 340 ಹೋಗಿ 355 ಆಗಿದೆ, 3.32 ಹೋಗಿ 3.46.) ಬಿ ಹೆವಿಯ 4,635ರಲ್ಲಿ ಇದನ್ನು ಕಳೆದರೆ ಉಳಿಯೋದು 1,152. ಸಿಪ್ಪೆಯಿಂದ ಮಾಡಿದ ಕರೆಂಟಿನ ದುಡ್ಡನ್ನು ಅದಕ್ಕೆ ಕೂಡಿಸಿ. ಪಗಾರ, ಸುಣ್ಣ, ಗಂಧಕ, ಬಾಯ್ಲರ್ ರಿಪೇರಿ, ಡಿಸ್ಟಿಲರಿ ಸಾಲದ ಕಂತು ಎಲ್ಲ ಅದರಲ್ಲೇ. ಒಂದು ಲೀಟರ್ ಎಥೆನಾಲ್ ತೆಗೆದರೆ ಅದರ ಹತ್ತು ಪಟ್ಟಿನಷ್ಟು ಕಪ್ಪು ಕೊಳೆನೀರು (ಸ್ಪೆಂಟ್‌ವಾಶ್) ಬರುತ್ತದೆ. ಅದನ್ನು ಹಳ್ಳಕ್ಕೆ ಬಿಡುವ ಹಾಗಿಲ್ಲ. ಕಾಯಿಸಿ ಗಟ್ಟಿ ಮಾಡಿ ಸುಡುವ ಖರ್ಚೂ ಇದೆ.

ಸರ್ಕಾರದ ಆದೇಶದ ಅಪಾಯಕ್ಕೂ ಒಂದು ಗೆರೆ ಬಿಡಿ. 2023ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡೋದನ್ನು ಏಕಾಏಕಿ ತಡೆಯಿತು. ಸುಮಾರು ಒಂದು ವಾರಕ್ಕೆ ಸ್ವಲ್ಪ ಸಡಿಲ ಮಾಡಿದರು, ಪೂರ್ತಿ ತೆಗೆದದ್ದು 2024ರ ಆಗಸ್ಟ್‌ನಲ್ಲಿ. ಸಾಲ ಮಾಡಿ ಡಿಸ್ಟಿಲರಿ ಕಟ್ಟಿದವರಿಗೆ ಆ ಹಂಗಾಮು ಹೇಗಿದ್ದಿರಬೇಕು ನೋಡಿ.

ನೀರನ್ನು ಯಾರ ಲೆಕ್ಕದಲ್ಲೂ ಬರೆಯೋದಿಲ್ಲ. ಕಬ್ಬಿನ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಅಂತ ನೀತಿ ಆಯೋಗದ ವರದಿ ಹೇಳುತ್ತದೆ. ನಮ್ಮಲ್ಲಿ ಘಟಪ್ರಭಾ ಕಾಲುವೆ ಬತ್ತಿದ ತಿಂಗಳು ಬೋರ್‌ವೆಲ್ಲೇ ಗತಿ. ಎಕರೆ ಲೆಕ್ಕದಲ್ಲಿ ಗೋವಿನಜೋಳಕ್ಕೆ ಕಬ್ಬಿನಷ್ಟು ನೀರು ಬೇಡ. ಕ್ವಿಂಟಲಿಗೆ 38 ಲೀಟರ್ ಹತ್ತಿರ ಎಥೆನಾಲ್ ಬರುತ್ತದೆ, ಲೀಟರ್ ದರವೂ 71.86. ಆದರೆ ಎಕರೆಗೆ ಹೋಲಿಸಿ: 40 ಟನ್ ಕಬ್ಬಿನಿಂದ 2,800 ಲೀಟರ್, 25 ಕ್ವಿಂಟಲ್ ಗೋವಿನಜೋಳದಿಂದ 950. ಗೋವಿನಜೋಳ ನಾಲ್ಕು ತಿಂಗಳದು, ಕಬ್ಬು ವರ್ಷದ್ದು ಅನ್ನೋದನ್ನೂ ಬರೆಯಿರಿ. ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸುವಾಗಲೂ ಒಂದು ಸಣ್ಣ ಖರ್ಚಿದೆ. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಶಕ್ತಿ ಕಮ್ಮಿ, ಹಳೇ ಬೈಕಿನ ಮೈಲೇಜು ಸ್ವಲ್ಪ ಇಳಿಯುತ್ತದೆ.

ಕೊನೆಗೆ ನಿಮ್ಮ ಪಾಲು. ಇಲ್ಲಿ ಎರಡು ಕಡೆ ಕಣ್ಣಿಡಿ.

ಒಂದು, ರಿಕವರಿ. ಬಿ ಹೆವಿ ಮಾಡಿದರೆ ಸಕ್ಕರೆ ಕಮ್ಮಿ ಬರುತ್ತದೆ, ಸುಮ್ನೆ ಚೀಲ ಎಣಿಸಿದರೆ ರಿಕವರಿ 9 ಅಂತ ಕಾಣುತ್ತದೆ. ಎಥೆನಾಲ್‌ಗೆ ಹೋದ ಸಕ್ಕರೆಯನ್ನು ವಾಪಸ್ ಕೂಡಿಸಿಯೇ ಎಫ್ಆರ್‌ಪಿ ಕಟ್ಟಬೇಕು. "ನೀವು ಹೇಳೋ ರಿಕವರಿ ಕೂಡಿಸುವ ಮೊದಲಿನದೋ, ಆಮೇಲಿನದೋ?" ಅಂತ ಫೀಲ್ಡ್‌ಮನ್‌ನ ನೇರ ಕೇಳಿ. ಒಂದೂವರೆ ಪಾಯಿಂಟ್ ಹೋದರೆ ಟನ್ನಿಗೆ ಮುನ್ನೂರು ರೂಪಾಯಿ ಮೇಲೆ ಹೋಯಿತು. ಎಥೆನಾಲ್‌ನಲ್ಲಿ ಪಾಲು ಕೇಳೋದಕ್ಕಿಂತ ಮೊದಲು ಇದನ್ನು ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ.

ಎರಡು, ದಿನ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಆಗಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಎಥೆನಾಲ್ ದುಡ್ಡು ಬೇಗ ಬರುವ ಫ್ಯಾಕ್ಟರಿಗೆ ತಡ ಮಾಡಲು ನೆಪ ಕಮ್ಮಿ. ಕಟಾವು, ಸಾಗಣೆಗೆ ಟನ್ನಿಗೆ 800 ಹಿಡಿದರೆ ಕೈಗೆ 2,683. 40 ಟನ್ನಿಗೆ 1,07,320. 14 ದಿನ ಮುಗಿದ ಮೇಲೆ ಎರಡು ತಿಂಗಳು ತಡವಾದರೆ ಬಡ್ಡಿಯೇ ಸುಮಾರು 2,646 ರೂಪಾಯಿ. ನಮ್ಮ ಕೌಂಟರಿಗೆ ಬರುವ ಬಿಲ್ಲುಗಳಲ್ಲಿ ಆ ಬಡ್ಡಿಯ ಸಾಲನ್ನು ನಾನಂತೂ ಕಂಡಿಲ್ಲ. ಕೇಳಿದವರೂ ಕಮ್ಮಿ. ತೂಕದ ಚೀಟಿ ಒಗೆಯಬೇಡಿ, ದಿನ ಎಣಿಸೋದು ಅದರ ಮೇಲಿನ ತಾರೀಖಿನಿಂದ.