ಅವರೆಕಾಯಿಗೊಂದು ಪುಸ್ತಕ, ಹುಣಸೆಹಣ್ಣಿಗೊಂದು ಪುಸ್ತಕ

ಎರಡು ವರ್ಷದಿಂದ ನಾನು ಒಂದು ಪುಸ್ತಕವನ್ನೂ ಪೂರ್ತಿ ಓದಿರಲಿಲ್ಲ. ರಾತ್ರಿ ಎರಡು ಪುಟ, ಆಮೇಲೆ ಮೊಬೈಲು, ಆಮೇಲೆ ನಿದ್ದೆ. ಈ ಸಲ ಚಳಿ ಶುರುವಾದಾಗಿನಿಂದ ಇವತ್ತಿನವರೆಗೆ ಒಂದು ಪೂರ್ತಿ, ಇನ್ನೊಂದು ಮುಕ್ಕಾಲು ಓದಿದ್ದೇನೆ. ಅದೂ ಒಬ್ಬಳೇ ಕೂತು ಅಲ್ಲ, ಕೆಲಸ ಮಾಡುವವರ ಮಧ್ಯೆ ಜೋರಾಗಿ.

ನಮ್ಮದು ಶ್ರೀನಿವಾಸಪುರದ ಕಡೆಯ ಹಳ್ಳಿ. ಡಿಸೆಂಬರ್, ಜನವರಿ ಬಂದರೆ ಮನೆ ತುಂಬ ಅವರೆಕಾಯಿ. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅನ್ನುತ್ತಾರೆ ನಮ್ಮತ್ತೆ. ಕಾಳು ಬಿಡಿಸಿ, ನೆನೆಹಾಕಿ, ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ಮಧ್ಯೆ ಹಿತಕಬೇಕು. ಬೇಳೆ ಪುಳಕ್ ಅಂತ ಹಾರಿ ಪಾತ್ರೆಗೆ ಬೀಳುತ್ತದೆ, ಕೆಲವು ಸಲ ಎದುರು ಕೂತವರ ಮುಖಕ್ಕೆ. ಸಾರು ಮುದ್ದೆ ಉಣ್ಣುವುದಕ್ಕೆ ಹತ್ತು ನಿಮಿಷ, ಹಿತಕುವುದಕ್ಕೆ ಎರಡು ಗಂಟೆ. ಎರಡು ದಿನ ಹಿತಕಿದ ಮೇಲೆ ನನ್ನ ಉಗುರಿನ ಸಂದಿ ಉರಿಯೋಕೆ ಶುರುವಾಯ್ತು. ಸುಮ್ನೆ ಕೂತರೆ ಬೈಸಿಕೊಳ್ಳಬೇಕು, ಅದಕ್ಕೇ "ಅತ್ತೆ, ನಾನು ಏನಾದರೂ ಓದ್ತೀನಿ, ನೀವು ಕೇಳ್ತಾ ಹಿತಕಿ" ಅಂದೆ. ನಿಜ ಹೇಳಬೇಕೆಂದರೆ ಅದು ಕೆಲಸ ತಪ್ಪಿಸಿಕೊಳ್ಳುವ ಉಪಾಯ ಅಷ್ಟೇ. ಅತ್ತೆಗೂ ಗೊತ್ತಿತ್ತು. "ಓದಮ್ಮ, ನಿನ್ನ ಪಾಲು ನಾವೇ ಹಿತಕ್ತೀವಿ, ಸಾರಿಗೆ ಮಾತ್ರ ಮೊದಲು ಬರ್ತೀಯ" ಅಂದರು.

ಬೀರುವಿನಲ್ಲಿ ಕೈಗೆ ಸಿಕ್ಕಿದ್ದು ಮಾಸ್ತಿಯವರ ಸುಬ್ಬಣ್ಣ. 1928ರ ಪುಸ್ತಕ, ಚಿಕ್ಕದು. ಮಾಸ್ತಿ ನಮ್ಮ ಜಿಲ್ಲೆಯವರು, ಮಾಲೂರು ತಾಲ್ಲೂಕಿನವರು, ಶ್ರೀನಿವಾಸ ಅನ್ನುವ ಹೆಸರಲ್ಲಿ ಬರೆಯುತ್ತಿದ್ದರು ಅಂದೆ. "ನಮ್ಮೂರ ಹೆಸರೇ ಇಟ್ಕೊಂಡವ್ರೆ" ಅಂತ ಅತ್ತೆಗೆ ಖುಷಿಯೋ ಖುಷಿ. ಅವರ ಮನೆಮಾತು ತಮಿಳು ಅಂದಾಗ ಇನ್ನೂ ಆಶ್ಚರ್ಯ. ನಮ್ಮ ಮನೆಯಲ್ಲೂ ಅರ್ಧ ತೆಲುಗು ಅರ್ಧ ಕನ್ನಡ ನೋಡಿ. ಹಾಗಾಗಿ ಮಧ್ಯೆ ಒಂದೆರಡು ಪದಕ್ಕೆ ನಾನು ತೆಲುಗಿನಲ್ಲಿ ಅರ್ಥ ಹೇಳಿದ್ದೂ ಇದೆ.

ಅಪ್ಪನ ಜೊತೆ ಮುನಿಸಿಕೊಂಡು ಮನೆ ಬಿಟ್ಟು ಹೋಗುವ ಸಂಗೀತಗಾರನ ಕಥೆ ಅದು. ಜೋರಾಗಿ ಓದಿದಾಗಲೇ ನನಗೆ ಗೊತ್ತಾಗಿದ್ದು, ಮಾಸ್ತಿ ಬರೆದಿರುವುದು ಕಣ್ಣಿಗಿಂತ ಕಿವಿಗೆ ಅಂತ. ಉಸಿರು ಎಲ್ಲಿ ತೆಗೆದುಕೊಳ್ಳಬೇಕೋ ವಾಕ್ಯ ಅಲ್ಲೇ ಮುಗಿಯುತ್ತದೆ. ಕಾಲೇಜಿನಲ್ಲಿ ಓದಿದಾಗ ಸಪ್ಪೆ ಅನ್ನಿಸಿತ್ತು, ಆ ಅಭಿಪ್ರಾಯ ವಾಪಸ್ ತಗೊಂಡಿದ್ದೇನೆ. ಹಿತಕುವ ಕೆಲಸಕ್ಕೆ ಸದ್ದಿಲ್ಲ, ಕಣ್ಣೂ ಬೇಕಿಲ್ಲ, ಕೈ ತನ್ನಷ್ಟಕ್ಕೆ ನಡೆಯುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಪಾತ್ರೆಯೇ ಹೇಳುತ್ತಿತ್ತು, ಬೇಳೆ ತುಂಬಿದರೆ ಅವತ್ತಿಗೆ ಓದೂ ಮುಗೀತು. ಒಂದು ಸಂಜೆ ಮಾತ್ರ ಪಾತ್ರೆ ತುಂಬಲೇ ಇಲ್ಲ, ಅತ್ತೆ ಹಿತಕುವುದು ಬಿಟ್ಟು ಕೈಯಲ್ಲಿ ಕಾಳು ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಐದು ಸಂಜೆಗೆ ಪುಸ್ತಕ ಮುಗಿಯಿತು.

ಸಂಕ್ರಾಂತಿ ಆದಮೇಲೆ ಅವರೆ ಬಲಿಯಿತು, ಕಡಿಮೆಯಾಯಿತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು. ತೋಟದಲ್ಲಿ ಮಾವಿನ ಹೂವು, ಮನೆಯವರಿಗೆ ಜಿಗಿಹುಳು, ಬೂದಿರೋಗ ಬಿಟ್ಟರೆ ಬೇರೆ ಮಾತಿಲ್ಲ. ಓದು ಒಂದು ತಿಂಗಳು ನಿಂತೇ ಹೋಗಿತ್ತು.

ಆಮೇಲೆ ಹುಣಸೆಹಣ್ಣು ಬಂತು. ಅವರೆಯ ಹಾಗೆಯೇ ನಡೆಯುತ್ತೆ ಅಂದುಕೊಂಡಿದ್ದೆ, ಪೂರ್ತಿ ಕೆಟ್ಟಿತು. ಬಿಸಿಲಿಗೆ ಒಣಗಿಸಿ, ಬಡಿದು ಓಡು ತೆಗೆದು, ನಾರು ಎಳೆದು, ಆಮೇಲೆ ಕುಟ್ಟಿ ಬೀಜ ಬಿಡಿಸಬೇಕು. ನಾಲ್ಕು ಜನ ಟಕ್ ಟಕ್ ಅಂತ ಕುಟ್ಟುವಾಗ ಯಾರ ಕಥೆ ಯಾರಿಗೆ ಕೇಳಿಸಬೇಕು? ಇನ್ನೊಂದು ದೊಡ್ಡ ಕಥೆ ಹಿಡಿದು ಮೂರು ಪುಟ ಕಿರುಚಿದೆ, ಗಂಟಲು ಹೋಯಿತು. ಮೇಲಾಗಿ ಇದು ಹಗಲಿನ ಕೆಲಸ, ಅಂಗಳದ ಬಿಸಿಲಿಗೆ ಪುಟ ಬೆಳ್ಳಗೆ ಹೊಳೆದು ಅಕ್ಷರವೇ ಕಾಣುವುದಿಲ್ಲ.

ಅದಕ್ಕೇ ಪುಸ್ತಕ ಬದಲಾಯಿಸಿದೆ. ಗ್ರಂಥಾಲಯದಿಂದ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ತಂದೆ. ಕಾಫಿಗೆ ಅಂತ ಕೈ ನಿಲ್ಲಿಸಿದಾಗ ಹೊಂಗೆಮರದ ಕೆಳಗೆ ನಾಲ್ಕೈದು ಪುಟ, ಅಷ್ಟೇ. ಸಸ್ಯಶಾಸ್ತ್ರದ ಮೇಷ್ಟರು ಹುಡುಗರನ್ನು ಕಟ್ಟಿಕೊಂಡು ಕಾಡು ಸುತ್ತಿದ ಪುಸ್ತಕ ಅದು, ಎಲ್ಲಿ ಬಿಟ್ಟರೂ ಎಲ್ಲಿ ಹಿಡಿದರೂ ನಗು ಬರುತ್ತದೆ. 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ ಅಂದಿದ್ದಕ್ಕೆ ಯಾರೂ ತಲೆ ಎತ್ತಲಿಲ್ಲ. ಡಿವಿಜಿಯವರ ಮಗ ಅಂದ ತಕ್ಷಣ ಅತ್ತೆ ನೆಟ್ಟಗೆ ಕೂತರು, ಅವರ ತವರು ಮುಳುಬಾಗಿಲು, ಡಿವಿಜಿ ಹುಟ್ಟಿದ ಊರು. ಗಿಡಗಳ ಲ್ಯಾಟಿನ್ ಹೆಸರು ಬಂದಾಗ ನಾನು ನುಂಗಿಬಿಡುತ್ತೇನೆ. ಹಾರಿಸುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಗಿಡದ ಮಾತು ಬಂದಿದ್ದಕ್ಕೆ ನಾನೂ ಒಂದು ವಿಷಯ ಹೇಳಿದೆ (ಇದು ಪುಸ್ತಕದ್ದಲ್ಲ, ನನಗೆ ಮೊದಲೇ ಗೊತ್ತಿದ್ದದ್ದು). ಹುಣಸೆಯ ಇಂಗ್ಲಿಷ್ ಹೆಸರು ಟ್ಯಾಮರಿಂಡ್, ಅದು ಬಂದಿದ್ದು ಅರಬ್ಬಿಯ ತಮರ್ ಹಿಂದಿಯಿಂದ, ಅಂದರೆ ಹಿಂದೂಸ್ತಾನದ ಖರ್ಜೂರ. ಆದರೆ ಮರದ ಮೂಲ ಆಫ್ರಿಕಾ. "ನಮ್ಮಾವ ನೆಟ್ಟಿದ್ದು ಆಫ್ರಿಕಾ ಮರಾನಾ?" ಅಂತ ಅತ್ತೆ ನನ್ನನ್ನೇ ಗುಮಾನಿಯಿಂದ ನೋಡಿದರು. ಪಕ್ಕದ ಮನೆಯ ಅಕ್ಕ, "ನಾವು ಚಿಂತಪಂಡು ಅಂತೀವಿ, ಖರ್ಜೂರ ಅಂದೋರು ಬಾಯಿಗೆ ಹಾಕ್ಕೊಂಡು ನೋಡಿರಲ್ಲ ಬಿಡಿ" ಅಂದರು. ಅವತ್ತು ಕಾಫಿ ಅರ್ಧ ಗಂಟೆ ನಡೆಯಿತು.

ಯಾರಾದರೂ ಮಾಡಿ ನೋಡುವುದಾದರೆ ಎರಡು ಮಾತು. ಪುಸ್ತಕಕ್ಕೆ ಪೇಪರ್ ರಟ್ಟು ಹಾಕಿ. ಓದುವವರು ಆ ಹೊತ್ತಿಗೆ ಹುಣಸೆ ಮುಟ್ಟಲೇಬಾರದು. ನಾನು ರಾಗಿ ಅಳೆಯುವ ಸೇರಿಗೆ ಪುಸ್ತಕ ಒರಗಿಸಿ, ಕೈ ತೊಳೆದುಕೊಂಡೇ ಓದುತ್ತಿದ್ದೆ, ಆದರೂ ಒಂದು ದಿನ ಮರೆತು ಪುಟ ತಿರುವಿದೆ. ಗ್ರಂಥಾಲಯದ ಪುಸ್ತಕದಲ್ಲಿ ನನ್ನ ಹೆಬ್ಬೆರಳು ಕಂದು ಬಣ್ಣದಲ್ಲಿ ಚೊಕ್ಕವಾಗಿ ಕೂತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಇನ್ನೂ ಹರಡಿತು.

ಯುಗಾದಿಗೆ ಮುಂಚೆ ಅದನ್ನು ವಾಪಸ್ ಕೊಡಬೇಕು. ಹುಣಸೆ ಇನ್ನೂ ಎರಡು ಮೂಟೆ ಇದೆ. ಕಲೆ ಬಗ್ಗೆ ಮೇಡಂಗೆ ಏನು ಹೇಳಲಿ ಅಂತ ಕೇಳಿದರೆ, ಅತ್ತೆ ಒಳಗೆ ಹೋಗಿ ಹೊಸ ಹುಣಸೆಹಣ್ಣಿನ ಒಂದು ಉಂಡೆಯನ್ನು ಕವರಿನಲ್ಲಿ ಕಟ್ಟಿಕೊಂಡು ಬಂದರು. "ಮೊದಲು ಇದು ಕೊಡು, ಆಮೇಲೆ ಪುಸ್ತಕ ಕೊಡು."