ಹರ್ನಿಯಾ ಟೇಬಲ್ಲಿನಲ್ಲಿ ಜೂನಿಯರ್‌ಗಳನ್ನು ಪಳಗಿಸುವ ನನ್ನ ಕ್ರಮ

ಮುಂಬಯಿಯ ದೊಡ್ಡ ಆಸ್ಪತ್ರೆಗಳಲ್ಲಿ ಎಂ.ಎಸ್. (ಸರ್ಜರಿಯ ಸ್ನಾತಕೋತ್ತರ ಕೋರ್ಸು) ಮೊದಲ ವರ್ಷದವರಿಗೆ ಓಟಿಗಿಂತ, ಅಂದರೆ ಆಪರೇಷನ್ ಕೋಣೆಗಿಂತ, ವಾರ್ಡು, ಕೇಸ್ ಪೇಪರು, ರಿಪೋರ್ಟುಗಳ ಓಡಾಟವೇ ಹೆಚ್ಚು. ಕೋರ್ಸಿನ 3 ವರ್ಷ ಹಾಗೇ ಕರಗುತ್ತದೆ. ಹಾಗಾಗಿ ‘ಬಂದು ನೋಡ್ತಾ ಇರು, ಬರುತ್ತೆ’ ಎನ್ನುವುದನ್ನು ನಾನು ಬಿಟ್ಟಿದ್ದೇನೆ. ಇಂಗ್ವೈನಲ್ ಹರ್ನಿಯಾದ (ತೊಡೆಸಂದಿಯಲ್ಲಿ ಹೊಟ್ಟೆಯೊಳಗಿನದು ಹೊರಚಾಚುವುದು) ಮೆಶ್ ರಿಪೇರಿಯನ್ನು, ಅಂದರೆ ಬಲೆಯ ತುಂಡು ಕೂರಿಸಿ ಸರಿಪಡಿಸುವ ಆಪರೇಷನ್ನನ್ನು, ತುಂಡು ಮಾಡಿ ಹಂಚುತ್ತೇನೆ: ಚರ್ಮ ಕೊಯ್ದು ಹೊಲಿಯುವುದು ಒಬ್ಬರಿಗೆ, ಎಕ್ಸ್‌ಟರ್ನಲ್ ಆಬ್ಲಿಕ್ (ಹೊಟ್ಟೆಗೋಡೆಯ ಹೊರಪದರ) ತೆರೆದು ನರ ಗುರುತಿಸುವುದು ಇನ್ನೊಬ್ಬರಿಗೆ, ಆಮೇಲೆ ಕಾರ್ಡ್ (ವೃಷಣಕ್ಕೆ ಹೋಗುವ ನಾಳಗಳ ಕಟ್ಟು), ಸ್ಯಾಕ್ (ಹೊರಚಾಚಿದ ಹರ್ನಿಯಾದ ಚೀಲ), ಕೊನೆಗೆ ಮೆಶ್. ಯಾರದು ಯಾವುದು ಎಂದು ಹಿಂದಿನ ಸಂಜೆಯೇ ಹೇಳಬೇಕು. ಟೇಬಲ್ ಮುಂದೆ ಹೇಳಿದರೆ ಓದಿಕೊಂಡೂ ಬಂದಿರುವುದಿಲ್ಲ, ಕೈಯೂ ನಡುಗುತ್ತದೆ.

ಅದಕ್ಕೂ ಮೊದಲು ಮಾರ್ಕೆಟ್ಟಿನಿಂದ ತಂದ ಮೇಕೆ ಕರುಳಿನ ಮೇಲೆ 3-0 ವೈಕ್ರಿಲ್ (ಮೈಯೊಳಗೇ ಕರಗುವ ದಾರ) ಹೊಲಿಗೆ. ಸೂಜಿಯನ್ನು ಮೊನೆಯಿಂದ ಮೂರನೇ ಎರಡು ಭಾಗ ಹಿಂದೆ ಹಿಡಿಯಬೇಕು. ದಾರದ ಬುಡದಲ್ಲೇ ಹಿಡಿದರೆ ಬಾಗುತ್ತದೆ. ನೂಕಬಾರದು, ಮಣಿಕಟ್ಟು ತಿರುಗಿಸಬೇಕು. ಹೊಲಿದ ಕರುಳಿನ ಎರಡೂ ತುದಿ ಬಿಗಿಹಿಡಿದು ಸಿರಿಂಜಿನಲ್ಲಿ ನೀರು ತುಂಬಿದರೆ, ಹೊಲಿಗೆ ದೂರವಾದ ಕಡೆ ಸೋರುತ್ತದೆ. ಬೈಯುವ ಕೆಲಸ ನೀರೇ ಮಾಡುತ್ತದೆ.

ಮೆಶ್ ಕೂರಿಸುವಾಗ ಎಡವುವುದು ಒಳಮೂಲೆಯಲ್ಲಿ, ಅಂದರೆ ಮೈಯ ನಡುಗೆರೆಯ ಕಡೆ. ಅದು ಪ್ಯೂಬಿಕ್ ಟ್ಯೂಬರ್ಕಲ್ (ಕಿಬ್ಬೊಟ್ಟೆಯ ಕೆಳಗಿನ ಎಲುಬಿನ ಉಬ್ಬು) ದಾಟಿ 1.5ರಿಂದ 2 ಸೆಂ.ಮೀ. ಆಚೆ ಹೋಗಿರಬೇಕು. ಹೊಸಬರು ಎಲುಬಿನ ಅಂಚಿಗೇ ನಿಲ್ಲಿಸುತ್ತಾರೆ. ಮೆಶ್ ಮುಂದೆ ಕುಗ್ಗುತ್ತದೆ, ಹರ್ನಿಯಾ ಅಲ್ಲಿಂದಲೇ ಮರಳುತ್ತದೆ. ಗಟ್ಟಿಯಾಗಲಿ ಎಂದು ಎಲುಬಿನ ಪೊರೆಗೇ ಸೂಜಿ ಇಳಿಸಿದರೆ ರೋಗಿಗೆ ತಿಂಗಳುಗಟ್ಟಲೆ ನೋವು. ಎಳೆದು ಬಿಗಿ ಮಾಡುವುದೂ ಬೇಡ: ಮಲಗಿದವನು ಎದ್ದು ನಿಂತಾಗ ಹೊಟ್ಟೆ ಮುಂದಕ್ಕೆ ಬರುತ್ತದೆ, ಅಷ್ಟು ಸಡಿಲ ಬಿಟ್ಟಿರಬೇಕು.

ಜೂನಿಯರ್ ಕೈಯಿಂದ ನೀಡಲ್ ಹೋಲ್ಡರ್ (ಸೂಜಿ ಹಿಡಿಯುವ ಇಕ್ಕಳ) ಕಸಿಯುವುದಿಲ್ಲ. ನಿಧಾನವಾದರೆ ಕಾಯುತ್ತೇನೆ. ಇಂಗ್ವೈನಲ್ ಲಿಗಮೆಂಟಿನಲ್ಲಿ (ತೊಡೆಸಂದಿಯ ಗಟ್ಟಿ ಪಟ್ಟಿ) ಸೂಜಿ ಆಳಕ್ಕಿಳಿಯುತ್ತಿದ್ದರೆ ಮಾತ್ರ ಮಾತಿಲ್ಲದೆ ಕೈ ಹಿಡಿಯುತ್ತೇನೆ, ಕೆಳಗೇ ಫೀಮರಲ್ ವೇನ್ (ಕಾಲಿನ ದೊಡ್ಡ ರಕ್ತನಾಳ) ಇದೆ.

ಸ್ಪೈನಲ್ (ಬೆನ್ನಿನ ಮೂಲಕ ಕೊಡುವ ಅರಿವಳಿಕೆ) ಕೊಟ್ಟ ರೋಗಿಗೆ ಎಚ್ಚರವಿರುತ್ತದೆ. ಹುಬ್ಬಳ್ಳಿ ಕಡೆಯ ಜೂನಿಯರ್ ಇದ್ದರೆ ಕನ್ನಡದಲ್ಲಿ ತಿದ್ದಬಹುದು ಅನ್ನಿಸುತ್ತದೆ; ಆದರೆ ಇದು ಮುಂಬಯಿ, ಪರದೆಯಾಚೆ ಮಲಗಿದವನು ಕಲಬುರ್ಗಿಯವನೇ ಇದ್ದಾನು! ಅದಕ್ಕೇ ‘ತಪ್ಪು’ ಎನ್ನದೆ ‘ಇನ್ನೊಂಚೂರು ಒಳಗೆ ತಗೋ’ ಎನ್ನುತ್ತೇನೆ.

ತಿದ್ದುಪಡಿ ದಿನಕ್ಕೆ ಒಂದೇ, ಗೌನ್ ಬಿಚ್ಚುವ ಹೊತ್ತಿಗೆ. ನಾಲ್ಕು ಹೇಳಿದರೆ ಒಂದೂ ಉಳಿಯುವುದಿಲ್ಲ. ಲಾಗ್‌ಬುಕ್ಕಿನಲ್ಲಿ ಬರೀ ‘ಅಸಿಸ್ಟೆಡ್’ ಎಂದಿದ್ದರೆ ಸಹಿ ಹಾಕುವುದಿಲ್ಲ. ಯಾವ ತುಂಡು ಸ್ವಂತ ಕೈಯಿಂದ ಆಯಿತು, ಎಲ್ಲಿ ನಾನು ಕೈ ಹಿಡಿಯಬೇಕಾಯಿತು, ಎರಡನ್ನೂ ಬರೆದು ತರಬೇಕು.