ಕಾಟನ್ ಏರ್ ಫಿಲ್ಟರ್ ಹಾಕಿದರೆ ಮೈಲೇಜ್ ಜಾಸ್ತಿ ಆಗುತ್ತಾ? ನಾನು ಅಳೆದು ನೋಡಿದ್ದು

ಕಂಪನಿಯ ಪೇಪರ್ ಏರ್ ಫಿಲ್ಟರ್ ತೆಗೆದು, ತೊಳೆದು ಮತ್ತೆ ಬಳಸುವ ಕಾಟನ್ ಫಿಲ್ಟರ್ ಹಾಕಿದರೆ ಮೈಲೇಜ್ ಏರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಗಾಳಿ ಸಲೀಸಾಗಿ ಒಳಗೆ ಬಂದರೆ ಎಂಜಿನ್‌ಗೆ ಶ್ರಮ ಕಡಿಮೆ, ಆದ್ದರಿಂದ ಪೆಟ್ರೋಲ್ ಉಳಿತಾಯ ಅನ್ನುವುದು ಅವರ ವಾದ. ಕೇಳಲು ಸರಿಯಾಗೇ ಇದೆ. ನನ್ನ ಕಾರಿನ ಸಣ್ಣಪುಟ್ಟ ಕೆಲಸಗಳನ್ನು ನಾನೇ ಮಾಡಿಕೊಳ್ಳುತ್ತೇನೆ. ಹಾಗಾಗಿ ಎರಡೂ ಬಗೆಯ ಫಿಲ್ಟರ್ ತಂದಿಟ್ಟುಕೊಂಡು ಅಳೆದೇ ನೋಡಿದೆ. ಕಾರು ಪೆಟ್ರೋಲಿನದು, ಫ್ಯುಯೆಲ್ ಇಂಜೆಕ್ಷನ್ (ಕಂಪ್ಯೂಟರ್ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಇದೆ, ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲ.

ಮೈಲೇಜ್ ಅಳೆಯುವುದೇ ಕಷ್ಟದ ಕೆಲಸ. ಟ್ಯಾಂಕ್ ಫುಲ್ ಮಾಡಿ, ಓಡಿಸಿ, ಮತ್ತೆ ಫುಲ್ ಮಾಡಿ ಲೆಕ್ಕ ಹಾಕುವುದು ಎಲ್ಲರಿಗೂ ಗೊತ್ತಿರುವ ದಾರಿ. ಆದರೆ ಪಂಪ್ ಒಂದೊಂದು ಸಲ ಒಂದೊಂದು ಮಟ್ಟಕ್ಕೆ ನಿಲ್ಲುತ್ತದೆ. ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಸುಮಾರು ಶೇ. 1ರಷ್ಟು ಹಿಗ್ಗುತ್ತದೆ. ಟ್ರಾಫಿಕ್, ಎದುರುಗಾಳಿ, ಟೈರಿನ ಗಾಳಿ ಎಲ್ಲ ಬೇರೆ. ಒಂದು ಟ್ಯಾಂಕ್ ಹಳೆ ಫಿಲ್ಟರ್, ಒಂದು ಟ್ಯಾಂಕ್ ಹೊಸದು ಅಂತ ಹೋಲಿಸಿದರೆ ಫಿಲ್ಟರಿನ ಗುಣ ಕಾಣುವುದಿಲ್ಲ, ಇವೆಲ್ಲದರ ಗದ್ದಲ ಕಾಣುತ್ತದೆ ಅಷ್ಟೇ.

ಅದಕ್ಕೆ ನಾನು ಪೇಪರ್, ಆಮೇಲೆ ಕಾಟನ್, ಆಮೇಲೆ ಮತ್ತೆ ಪೇಪರ್ ಹಾಕಿ ಓಡಿಸಿದೆ. ದಾರಿ ಅದೇ, ವೇಗ ಅದೇ, ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿಕೊಂಡು ಹೊರಡುತ್ತಿದ್ದೆ. ಫಿಲ್ಟರ್ ಬದಲಿಸಿದ ಮೇಲೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೊಂದಿಕೊಳ್ಳಲಿ ಅಂತ ಸ್ವಲ್ಪ ದೂರ ಸುಮ್ನೆ ಓಡಿಸಿ, ಆಮೇಲೆ ಅಳತೆ ಶುರು ಮಾಡುತ್ತಿದ್ದೆ. ಓಬಿಡಿ ರೀಡರ್ (ಕಾರಿನ ಕಂಪ್ಯೂಟರಿನಿಂದ ಅಂಕಿ ಓದುವ ಉಪಕರಣ) ತೋರಿಸುವ ಅಂಕಿಯನ್ನಷ್ಟೇ ನಂಬಿ ಕೂರಲಿಲ್ಲ, ದೂರದ ಓಡಾಟದ ಟ್ಯಾಂಕ್ ಲೆಕ್ಕದ ಜೊತೆ ತಾಳೆ ನೋಡಿದೆ. ಎರಡನೇ ಸಲ ಪೇಪರಿಗೆ ವಾಪಸ್ ಬರುವುದೇ ಇದರಲ್ಲಿ ಮುಖ್ಯ. ಕಾಟನ್‌ನಿಂದಲೇ ಮೈಲೇಜ್ ಏರಿದ್ದರೆ, ಪೇಪರ್ ಹಾಕಿದಾಗ ಅದು ಇಳಿಯಬೇಕು ಅಲ್ವಾ? ಇಳಿಯಲಿಲ್ಲ. ಪೇಪರಿನದೇ ಎರಡು ಸುತ್ತುಗಳ ನಡುವೆ ಇದ್ದ ವ್ಯತ್ಯಾಸ, ಪೇಪರ್ ಮತ್ತು ಕಾಟನ್ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿತ್ತು.

ಯಾಕೆ ಹೀಗೆ ಅನ್ನುವುದು ತಿಳಿಯಬೇಕಿತ್ತು. ಅದಕ್ಕೆ ಒಂದು ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅದರಲ್ಲಿ ಬಣ್ಣದ ನೀರು ತುಂಬಿದೆ. ಫಿಲ್ಟರ್ ಡಬ್ಬಿಗೆ ಇನ್ನೊಂದು ಹಳೆ ಮುಚ್ಚಳ ಹುಡುಕಿ, ಸೋಸಿದ ಗಾಳಿ ಇರುವ ಕಡೆ ಸಣ್ಣ ತೂತು ಮಾಡಿ, ಪೈಪಿನ ಒಂದು ತುದಿ ಅಲ್ಲಿಗೆ ಸೇರಿಸಿದೆ. ಇನ್ನೊಂದು ತುದಿ ಹೊರಗಿನ ಗಾಳಿಗೆ ತೆರೆದಿತ್ತು. ಎರಡು ಕಡೆಯ ನೀರಿನ ಮಟ್ಟದಲ್ಲಿ 10 ಸೆಂಟಿಮೀಟರ್ ಅಂತರ ಬಂದರೆ ಹೆಚ್ಚುಕಡಿಮೆ 1 ಕಿಲೋಪಾಸ್ಕಲ್ ಒತ್ತಡದ ವ್ಯತ್ಯಾಸ. ಯಾರಾದರೂ ಇದನ್ನು ಮಾಡುವುದಾದರೆ ಪೈಪನ್ನು ಥ್ರಾಟಲ್‌ಗಿಂತ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಕವಾಟ) ಮುಂಚೆಯೇ ಸೇರಿಸಿ. ಥ್ರಾಟಲ್ ಆಚೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ಗೆ ಸೇರಿಸಿದರೆ ಎಂಜಿನ್ ಆ ನೀರನ್ನೇ ಎಳೆದುಕೊಂಡುಬಿಡುತ್ತದೆ. ನೀರಿನ ಮಟ್ಟ ಓದುವುದು ಪಕ್ಕದ ಸೀಟಿನವರ ಕೆಲಸ, ಓಡಿಸುವವರದ್ದಲ್ಲ.

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅಂತರ ಎರಡು ಮೂರು ಸೆಂಟಿಮೀಟರ್ ಮೀರಲಿಲ್ಲ. ಪೇಪರಿಗೂ ಕಾಟನ್‌ಗೂ ಇರುವ ಫರಕು ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವಷ್ಟು. ಅದೇ ಹೊತ್ತಿಗೆ ಓಬಿಡಿಯಲ್ಲಿ ಮ್ಯಾನಿಫೋಲ್ಡ್ ಒತ್ತಡ ನೋಡಿದರೆ ಅದು ಹೊರಗಿನ ಗಾಳಿಯ ಒತ್ತಡದ ಅರ್ಧದ ಹತ್ತಿರ ಇತ್ತು. ಅಂದರೆ ಸುಮಾರು 50 ಕಿಲೋಪಾಸ್ಕಲ್ ಕಮ್ಮಿ. ಇದನ್ನು ನನ್ನ ನೀರಿನ ಪೈಪಿನಲ್ಲಿ ಅಳೆಯಬೇಕು ಅಂದರೆ 5 ಮೀಟರ್ ಎತ್ತರದ ಪೈಪ್ ಬೇಕು! ಗಾಳಿಯನ್ನು ತಡೆಯುತ್ತಿರುವುದು ಥ್ರಾಟಲ್, ಫಿಲ್ಟರ್ ಅಲ್ಲ. ಪೆಟ್ರೋಲ್ ಎಂಜಿನ್‌ನ ಶಕ್ತಿಯನ್ನು ಹತೋಟಿಯಲ್ಲಿಡುವುದೇ ಹಾಗೆ, ಗಾಳಿಯನ್ನು ಬೇಕೆಂದೇ ತಡೆದು. ಫಿಲ್ಟರ್ ಸ್ವಲ್ಪ ಬಿಗಿಯಾದರೆ ನಮ್ಮ ಕಾಲು ನಮಗೇ ತಿಳಿಯದಂತೆ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಜಾಸ್ತಿ ಒತ್ತುತ್ತದೆ. ಒಳಗೆ ಹೋಗುವ ಗಾಳಿ ಅಷ್ಟೇ, ಪೆಟ್ರೋಲೂ ಅಷ್ಟೇ.

ಗಾಳಿ ಜಾಸ್ತಿ ಬಂದರೆ ಪೆಟ್ರೋಲ್ ಕಮ್ಮಿ ಸಾಕು ಅನ್ನುವ ಲೆಕ್ಕವೂ ತಲೆಕೆಳಗು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಹೊಗೆಯ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಇದೇ ಪ್ರಮಾಣವನ್ನು ಕಾಯುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚಿಗೆ ಚಿಮ್ಮಿಸುತ್ತದೆ.

ಅಮೆರಿಕದ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿ 2009ರಲ್ಲಿ ಫಿಲ್ಟರುಗಳಲ್ಲಿ ಗಾಳಿಯ ದಾರಿಯನ್ನು ಬೇಕೆಂದೇ ಕಟ್ಟಿಸಿ ಕಾರುಗಳನ್ನು ಪರೀಕ್ಷೆ ಮಾಡಿತ್ತು. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿದ ಫಿಲ್ಟರಿಗೂ ಹೊಸದಕ್ಕೂ ಮೈಲೇಜ್‌ನಲ್ಲಿ ಹೇಳುವಂಥ ಫರಕು ಇರಲಿಲ್ಲ. ಪಿಕಪ್ ಮಾತ್ರ ಹೊಸ ಫಿಲ್ಟರಿನಲ್ಲಿ ಶೇ. 6ರಿಂದ 11ರಷ್ಟು ಚೆನ್ನಾಗಿತ್ತು. ಹಳೆ ಕಾರ್ಬ್ಯುರೇಟರ್ (ಇಂಜೆಕ್ಷನ್‌ಗೆ ಮುಂಚೆ ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಸಾಧನ) ಕಾರಿನಲ್ಲಿ ಮೈಲೇಜ್ ಕೂಡ ಶೇ. 2ರಿಂದ 6ರಷ್ಟು ಸುಧಾರಿಸಿತ್ತು. ಫಿಲ್ಟರ್ ಕ್ಲೀನ್ ಮಾಡಿದರೆ ಮೈಲೇಜ್ ಬರುತ್ತದೆ ಅನ್ನುವ ಹಿರಿಯರ ಮಾತು ಅವರ ಕಾಲದ ಕಾರಿಗೆ ನಿಜವೇ. ಕಾರ್ಬ್ಯುರೇಟರಿಗೆ ತಿದ್ದಿಕೊಳ್ಳಲು ಸೆನ್ಸರ್ ಇರಲಿಲ್ಲ.

ಕಾಟನ್ ಹಾಕಿದವರು ಗಾಡಿ ಚುರುಕಾಯಿತು ಅನ್ನುತ್ತಾರಲ್ಲ, ಅದರಲ್ಲಿ ಹೆಚ್ಚಿನ ಪಾಲು ಶಬ್ದ. ಗಾಳಿ ಎಳೆಯುವ ಸದ್ದು ಜೋರಾಗುತ್ತದೆ, ಓಟವೂ ಜೋರಾದಂತೆ ಅನಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ನನ್ನ ಪೈಪಿನಲ್ಲಿ ಎರಡು ಫಿಲ್ಟರುಗಳ ನಡುವೆ ನಾಲ್ಕೈದು ಸೆಂಟಿಮೀಟರ್ ಫರಕು ಕಂಡಿತು. ಶಕ್ತಿಯ ಲೆಕ್ಕದಲ್ಲಿ ಅದು ಶೇ. 0.5ರಷ್ಟು. ರೇಸ್ ಓಡಿಸುವವರಿಗೆ ಅದೂ ಬೇಕಾಗಬಹುದು. ದಿನಾ ಕೆಲಸಕ್ಕೆ ಹೋಗಿಬರುವವರಿಗೆ ಬೇಡ.

ನನಗೆ ಇದೆಲ್ಲಕ್ಕಿಂತ ಮುಖ್ಯ ಅನಿಸಿದ್ದು ಧೂಳು. ಫಿಲ್ಟರ್ ಇರುವುದೇ ಅದಕ್ಕೆ. ಮರಳಿನ ಪುಡಿ ಒಳಗೆ ಹೋದರೆ ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ ಸವೆಯುತ್ತವೆ. ಆ ಸವೆತ ಯಾವ ಮೀಟರಿನಲ್ಲೂ ಕಾಣುವುದಿಲ್ಲ, ವರ್ಷಗಳ ಮೇಲೆ ಆಯಿಲ್ ಸುಡಲು ಶುರುವಾದಾಗ ಕಾಣುತ್ತದೆ. ಪ್ರತಿ ಸುತ್ತಿನ ಕೊನೆಗೆ ಫಿಲ್ಟರ್ ಆಚೆಯ ಗಾಳಿ ಕೊಳವೆಯ ಒಳಗನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡುತ್ತಿದ್ದೆ. ಪೇಪರ್ ಇದ್ದಾಗ ಬಟ್ಟೆ ಬಿಳಿಯಾಗೇ ಇತ್ತು. ಕಾಟನ್ ಇದ್ದಾಗ ತೆಳುವಾದ ಕಂದು ಬಣ್ಣ ಹತ್ತಿತು, ಜೊತೆಗೆ ಧೂಳು ಹಿಡಿಯಲಿ ಅಂತ ಕಾಟನ್‌ಗೆ ಹಚ್ಚುವ ಎಣ್ಣೆಯ ಜಿಡ್ಡು. ಈ ಎಣ್ಣೆ ಜಾಸ್ತಿಯಾದರೆ ಗಾಳಿ ಅಳೆಯುವ ಎಂಎಎಫ್ ಸೆನ್ಸರಿನ ತಂತಿಗೆ ಮೆತ್ತಿಕೊಂಡು ಅಳತೆಯೇ ತಪ್ಪಬಹುದು. ಆಗ ಮೈಲೇಜ್ ಇಳಿಯುವುದೂ ಉಂಟು.

ಪೇಪರ್ ಫಿಲ್ಟರ್ ಸ್ವಲ್ಪ ಧೂಳು ಹಿಡಿದ ಮೇಲೆ ಇನ್ನೂ ಚೆನ್ನಾಗಿ ಸೋಸುತ್ತದೆ, ಹಿಡಿದ ಧೂಳೇ ಇನ್ನೊಂದು ಪದರವಾಗಿ ಕೆಲಸ ಮಾಡುವುದರಿಂದ. ಹಾಗಾಗಿ ಪದೇ ಪದೇ ತೆಗೆದು ಏರ್ ಗನ್ನಿನಲ್ಲಿ ಊದುವುದನ್ನು ನಾನು ಒಪ್ಪುವುದಿಲ್ಲ. ಪೇಪರ್ ಹರಿದರೂ ಗೊತ್ತಾಗುವುದಿಲ್ಲ. ಮ್ಯಾನ್ಯುಯಲ್ ಹೇಳಿದ ದೂರಕ್ಕೆ ಬದಲಿಸಿ, ಧೂಳಿನ ರಸ್ತೆ ಜಾಸ್ತಿ ಇದ್ದರೆ ಇನ್ನೂ ಮುಂಚೆ. ಹಾಕುವಾಗ ಸುತ್ತಲಿನ ರಬ್ಬರ್ ಅಂಚು ಡಬ್ಬಿಯಲ್ಲಿ ಸರಿಯಾಗಿ ಕೂತಿದೆಯಾ, ಕ್ಲಿಪ್ ಎಲ್ಲ ಸರಿಯಾಗಿ ಕಚ್ಚಿಕೊಂಡಿವೆಯಾ ನೋಡಿ. ಅಂಚಿನಲ್ಲಿ ಸಂದು ಬಿಟ್ಟರೆ ಎಷ್ಟು ಒಳ್ಳೆ ಫಿಲ್ಟರ್ ಹಾಕಿದ್ದರೂ ಧೂಳು ಪಕ್ಕದಿಂದ ಹೋಗುತ್ತದೆ.

ಕಾಟನ್ ಫಿಲ್ಟರ್ ಈಗಾಗಲೇ ಹಾಕಿಸಿಕೊಂಡವರು ಎಸೆಯಬೇಕಿಲ್ಲ. ತೊಳೆದ ಮೇಲೆ ನೆರಳಿನಲ್ಲಿ ಪೂರ್ತಿ ಒಣಗಿಸಿ. ಎಣ್ಣೆಯನ್ನು ಹೇಳಿದ ಅಳತೆಯಷ್ಟೇ ಹಾಕಿ, ಬಟ್ಟೆಯ ತುಂಬ ಹರಡಲು ಬಿಟ್ಟು, ಹೆಚ್ಚಾಗಿದ್ದನ್ನು ಒರೆಸಿ ಆಮೇಲೆ ಕೂರಿಸಿ. ಕೆಲವು ವಾರ ಬಿಟ್ಟು ಕೊಳವೆಯೊಳಗೆ ಒಮ್ಮೆ ಬಿಳಿ ಬಟ್ಟೆ ಆಡಿಸಿ ನೋಡಿ. ಬಟ್ಟೆಗೆ ಜಿಡ್ಡು ಹತ್ತಿದರೆ ಎಂಎಎಫ್ ಸೆನ್ಸರನ್ನು ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ತೊಳೆದು, ಪೇಪರ್ ಫಿಲ್ಟರನ್ನೇ ವಾಪಸ್ ಹಾಕಿಕೊಳ್ಳಿ.